ಗಿಡಮೂಲ ಅಣುಗಳು ಮತ್ತು ಬೊಜ್ಜು: ತಟ್ಟೆಯಲ್ಲಿ ಗೆದ್ದದ್ದು ದೇಹದಲ್ಲಿ ಎಲ್ಲಿ ಸೋಲುತ್ತದೆ?

ಬೇರುತೊಗಟೆ:
ಮರದರಿಶಿನದ ಬೆರ್ಬೆರಿನ್, ಅರಿಶಿನದ ಕರ್ಕ್ಯುಮಿನ್, ದ್ರಾಕ್ಷಿಯ ರೆಸ್ವೆರಟ್ರಾಲ್, ಹಸಿರು ಚಹಾದ ಇಜಿಸಿಜಿ, ಉಪ್ಪಾಗೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಬೊಜ್ಜು, ಟೈಪ್ 2 ಮಧುಮೇಹ, ಕೊಬ್ಬು ತುಂಬಿದ ಲಿವರ್ ಮೂರಕ್ಕೂ ಇವುಗಳ ಹೆಸರು ಕೇಳಿಬರುತ್ತಲೇ ಇದೆ. ಪ್ರಬಂಧಗಳ ಜಾಡು ಬಹುತೇಕ ಒಂದೇ. ಮೊದಲು 3ಟಿ3-ಎಲ್1 ಕೋಶ (ಲ್ಯಾಬಿನ ತಟ್ಟೆಯಲ್ಲಿ ಬೆಳೆಸುವ, ಕೊಬ್ಬಿನ ಕೋಶವಾಗಬಲ್ಲ ಇಲಿಯ ಕೋಶ), ಆಮೇಲೆ ಜಿಡ್ಡಿನ ಆಹಾರ ತಿಂದ ಇಲಿ, ಕೊನೆಗೆ ಮನುಷ್ಯರಿಗೂ ಉಪಯೋಗವಾಗಬಹುದು ಎಂಬ ಒಂದು ಸಾಲು. ಇಂಥ ಪ್ರಬಂಧ ಕೈಗೆ ಬಂದಾಗ ನೀವು ಮೊದಲು ಎಲ್ಲಿ ಕಣ್ಣು ಹಾಯಿಸುತ್ತೀರಿ? ಲ್ಯಾಬಿನವರು, ಔಷಧಶಾಸ್ತ್ರದವರು, ವೈದ್ಯರು ತಮ್ಮ ತಮ್ಮ ಕಡೆಯಿಂದ ಬರೆಯಿರಿ. "ನನಗೆ ಎಷ್ಟು ಮಾತ್ರೆ?" ಎಂಬ ಪ್ರಶ್ನೆ ಈ ಎಳೆಯಲ್ಲಿ ಬೇಡ, ಅದನ್ನು ನಿಮ್ಮ ವೈದ್ಯರನ್ನೇ ಕೇಳಿ.

ಕೋಶಕೃಷಿ:
ನಾನು ಮೊದಲು ನೋಡುವುದು ಗಿಡದ ಸಾರವನ್ನು ಯಾವ ದಿನ ಹಾಕಿದರು ಎಂಬುದನ್ನು.

3ಟಿ3-ಎಲ್1 ಕೋಶಗಳು ತಟ್ಟೆ ತುಂಬಿದ ಮೇಲೆ ಎರಡು ದಿನ ಬಿಡಬೇಕು. ಅಂದಿನಿಂದ ಲೆಕ್ಕ ಶುರು, ಅದು ಸೊನ್ನೆಯ ದಿನ. ಐಬಿಎಂಎಕ್ಸ್ 0.5 ಮಿಲಿಮೋಲಾರ್, ಡೆಕ್ಸಾಮೆಥಾಸೋನ್ 1 ಮೈಕ್ರೊಮೋಲಾರ್, ಇನ್ಸುಲಿನ್ ಮಿಲಿಲೀಟರಿಗೆ 10 ಮೈಕ್ರೊಗ್ರಾಂ: ಕೊಬ್ಬಿನ ಕೋಶವಾಗಲು ಪ್ರಚೋದಿಸುವ ಈ ಮಿಶ್ರಣ ಎರಡು ದಿನ. ನಂತರ ಬರೀ ಇನ್ಸುಲಿನ್ ಎರಡು ದಿನ. ಆಮೇಲೆ ಸಾದಾ ಮಾಧ್ಯಮ (ಕೋಶ ಬೆಳೆಸುವ ದ್ರವ). ಎಂಟರಿಂದ ಹತ್ತನೇ ದಿನದ ಹೊತ್ತಿಗೆ ಕೊಬ್ಬಿನ ಹನಿ ಕಣ್ಣಿಗೆ ಕಾಣುತ್ತದೆ, ಆಗ ಕೊಬ್ಬಿಗೆ ಹಿಡಿಯುವ ಆಯಿಲ್ ರೆಡ್ ಓ ಬಣ್ಣ.

ತೊಡಕು ಮೊದಲ ಎರಡು ದಿನಗಳಲ್ಲೇ ಇದೆ. ಆಗ ಕೋಶಗಳು ಇನ್ನೊಂದೆರಡು ಸಲ ವಿಭಜನೆಯಾಗುತ್ತವೆ, ಅದಾಗದಿದ್ದರೆ ಕೊಬ್ಬಿನ ಕೋಶವಾಗುವ ದಾರಿ ಹಿಡಿಯುವುದೇ ಇಲ್ಲ. ಹಾಗಾಗಿ ಆ ದಿನಗಳಲ್ಲಿ ವಿಭಜನೆ ತಡೆಯುವ ಯಾವ ವಸ್ತು ಹಾಕಿದರೂ ಕೊಬ್ಬು ಕಡಿಮೆಯಾಗುತ್ತದೆ. ಕ್ಯಾನ್ಸರಿನ ಔಷಧಿ ಹಾಕಿದರೂ ಆಗುತ್ತದೆ. ಅದನ್ನು ಬೊಜ್ಜು ನಿವಾರಕ ಗುಣ ಎನ್ನಲಾಗದು. ಸಾರವನ್ನು 0–2, 2–4, 4–8 ಹೀಗೆ ಬೇರೆ ಬೇರೆ ಅವಧಿಯಲ್ಲಿ ಹಾಕಿ, ಪೂರ್ತಿ ಬೆಳೆದ ಕೊಬ್ಬಿನ ಕೋಶಕ್ಕೂ ಹಾಕಿ ನೋಡಿದ್ದರೆ ಮಾತ್ರ ಮುಂದಕ್ಕೆ ಓದುತ್ತೇನೆ.

ಎರಡನೆಯದು, ಕೋಶ ಬದುಕಿದೆಯೇ ಎಂಬುದು. ಸತ್ತ ಕೋಶದಲ್ಲೂ ಕೊಬ್ಬು ಕಡಿಮೆಯೇ. ಇದಕ್ಕೆ ಎಂಟಿಟಿ ಪರೀಕ್ಷೆ ಮಾಡಿದ್ದೇವೆ ಎನ್ನುತ್ತಾರೆ, ಬದುಕಿರುವ ಕೋಶ ಹಳದಿ ಎಂಟಿಟಿಯನ್ನು ನೇರಳೆ ಮಾಡುತ್ತದೆ. ಆದರೆ ಇಜಿಸಿಜಿಯಂಥ ಪಾಲಿಫಿನಾಲುಗಳು ಕೋಶದ ನೆರವೇ ಇಲ್ಲದೆ ಎಂಟಿಟಿಯನ್ನು ನೇರಳೆಗೆ ತಿರುಗಿಸುತ್ತವೆ. ಕೋಶವಿಲ್ಲದ ಗುಂಡಿಯಲ್ಲಿ ಬರೀ ಸಾರ ಮತ್ತು ಎಂಟಿಟಿ ಹಾಕಿ ನೋಡಿದರೆ ಇದು ಐದು ನಿಮಿಷಕ್ಕೆ ಬಯಲಾಗುತ್ತದೆ. ಡಿಎನ್‌ಎ ಅಳತೆಯೋ ಎಲ್‌ಡಿಹೆಚ್ ಕಿಣ್ವ ಸತ್ತ ಕೋಶದಿಂದ ಸೋರಿದ್ದರ ಅಳತೆಯೋ ಜೊತೆಗಿರಲೇಬೇಕು.

ಮೂರನೆಯದು ಇಜಿಸಿಜಿಯಂಥವಕ್ಕೆ. ಅದು ಮಾಧ್ಯಮದಲ್ಲಿ ತಾನಾಗಿಯೇ ಆಕ್ಸಿಡೀಕರಣಗೊಂಡು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ನೀವು ಅಳೆಯುತ್ತಿರುವುದು ಪೆರಾಕ್ಸೈಡಿನ ಪರಿಣಾಮವಾಗಿರಬಹುದು. ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಸೇರಿಸಿದ ಒಂದು ಗುಂಪು ಇಟ್ಟರೆ ತಿಳಿಯುತ್ತದೆ: ಪರಿಣಾಮ ಮಾಯವಾದರೆ ಅದು ಅಣುವಿನದ್ದಲ್ಲ. ಕರ್ಕ್ಯುಮಿನ್ ಇನ್ನೂ ನಾಜೂಕು. ಸೀರಮ್ ಇಲ್ಲದ ತಟಸ್ಥ ಬಫರಿನಲ್ಲಿ 37 ಡಿಗ್ರಿಗೆ ಅರ್ಧ ಗಂಟೆಯಲ್ಲಿ ಸುಮಾರು 90% ಒಡೆದುಹೋಗುತ್ತದೆ.

ಬಣ್ಣದ ಅಳತೆ ಮಾಡುವವರಿಗೆ ಒಂದು ಮಾತು. ಐಸೊಪ್ರೊಪನಾಲಿನಲ್ಲಿ 0.5% ಆಯಿಲ್ ರೆಡ್ ಓ ಇರುವ ಮೂಲ ದ್ರಾವಣವನ್ನು ಮೂರು ಪಾಲಿಗೆ ಎರಡು ಪಾಲು ನೀರು ಬೆರೆಸಿ, ಹತ್ತು ನಿಮಿಷ ಬಿಟ್ಟು, ಅಂದೇ ಸೋಸಿ ಬಳಸಿ. ಹಳೆಯದಾದರೆ ಹರಳುಗಟ್ಟಿ ತಟ್ಟೆಗೆ ಅಂಟುತ್ತದೆ, ಅದನ್ನೇ ಕೊಬ್ಬು ಎಂದು ಯಂತ್ರ ಓದುತ್ತದೆ.

ಔಷಧಚಲನ:
ಕೋಶಕೃಷಿಯವರು ಹೇಳಿದ ಪರೀಕ್ಷೆಗಳೆಲ್ಲ ದಾಟಿದರೂ ನನ್ನ ಪ್ರಶ್ನೆ ಬಾಕಿ ಇರುತ್ತದೆ: ತಟ್ಟೆಯಲ್ಲಿ ಹಾಕಿದ ಸಾಂದ್ರತೆ ರಕ್ತದಲ್ಲಿ ಎಂದಾದರೂ ಸಿಗುತ್ತದೆಯೇ?

ರೆಸ್ವೆರಟ್ರಾಲ್ ತೆಗೆದುಕೊಳ್ಳಿ. 25 ಮಿ.ಗ್ರಾಂ ನುಂಗಿದರೆ ಕರುಳು ಕನಿಷ್ಠ 70% ಹೀರುತ್ತದೆ, ಹೀರಿಕೆಯಲ್ಲಿ ದೋಷವಿಲ್ಲ. ಆದರೆ ಕರುಳಿನ ಗೋಡೆ ಮತ್ತು ಲಿವರ್ ಸೇರಿ ಅದಕ್ಕೆ ಗ್ಲುಕುರೊನೈಡ್, ಸಲ್ಫೇಟ್ ಗುಂಪುಗಳನ್ನು ತಗುಲಿಸಿ ರೂಪ ಬದಲಿಸಿಬಿಡುತ್ತವೆ. ರಕ್ತದಲ್ಲಿ ಒಟ್ಟು ಸುಮಾರು 2 ಮೈಕ್ರೊಮೋಲಾರ್ ಇದ್ದರೂ ಮೂಲ ರೂಪದಲ್ಲಿ ಉಳಿಯುವುದು ಮಿಲಿಲೀಟರಿಗೆ 5 ನ್ಯಾನೊಗ್ರಾಮಿಗಿಂತ ಕಡಿಮೆ, ಅಂದರೆ ಸುಮಾರು 22 ನ್ಯಾನೊಮೋಲಾರ್. ತಟ್ಟೆಯಲ್ಲಿ 25 ಮೈಕ್ರೊಮೋಲಾರ್ ಹಾಕಿದ್ದರೆ ಅಂತರ ಸಾವಿರ ಪಟ್ಟಿಗೂ ಹೆಚ್ಚು. ಮನುಷ್ಯರಲ್ಲಿ ಕಂಡ ಫಲಿತಾಂಶಗಳೂ ಒಂದಕ್ಕೊಂದು ಹೊಂದುವುದಿಲ್ಲ. 2011ರಲ್ಲಿ 11 ಬೊಜ್ಜು ಪುರುಷರಿಗೆ ದಿನಕ್ಕೆ 150 ಮಿ.ಗ್ರಾಂನಂತೆ 30 ದಿನ ಕೊಟ್ಟಾಗ ಕೆಲವು ಸೂಚಕಗಳು ಸುಧಾರಿಸಿದವು. 2013ರಲ್ಲಿ 500 ಮಿ.ಗ್ರಾಂ ದಿನಕ್ಕೆ ಮೂರು ಸಲ, ನಾಲ್ಕು ವಾರ ಕೊಟ್ಟಾಗ ಇನ್ಸುಲಿನ್ ಸಂವೇದನೆ ಕದಲಲಿಲ್ಲ.

ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ ಕೊಟ್ಟರೆ ಹೀರಿಕೆ 2000% ಏರುತ್ತದೆ ಎಂಬ 1998ರ ಲೆಕ್ಕ ಎಲ್ಲ ಡಬ್ಬಿಗಳ ಮೇಲೂ ಇದೆ. 2 ಗ್ರಾಂ ಕರ್ಕ್ಯುಮಿನ್‌ಗೆ 20 ಮಿ.ಗ್ರಾಂ ಪೈಪರಿನ್. ಆದರೆ ಪೈಪರಿನ್ ಇಲ್ಲದೆ ರಕ್ತದಲ್ಲಿ ಕಂಡದ್ದು ಅಳತೆಗೆ ಸಿಗದಷ್ಟು ಕಡಿಮೆ. ಇಲ್ಲವೇ ಇಲ್ಲ ಎನ್ನುವಷ್ಟನ್ನು ಇಪ್ಪತ್ತು ಪಟ್ಟು ಮಾಡಿದರೂ ಮದ್ದಿನ ಮಟ್ಟಕ್ಕೆ ಬರುವುದಿಲ್ಲ. ಇನ್ನೊಂದು ಕಡೆ, ಅದೇ ಪೈಪರಿನ್ ಅಪಸ್ಮಾರದ ಮದ್ದಾದ ಫೆನಿಟಾಯಿನ್‌ನಂಥ ಬೇರೆ ಔಷಧಿಗಳ ಮಟ್ಟವನ್ನೂ ಏರಿಸುತ್ತದೆ.

ಮಧುನಾಶಿನಿ22:
ಒಂದು ಚಿಕ್ಕ ಪ್ರಶ್ನೆ ಸರ್. ಪ್ರಬಂಧದಲ್ಲಿ ಇಲಿಗೆ ಕಿಲೋಗೆ 200 ಮಿ.ಗ್ರಾಂ ಎಂದಿದ್ದರೆ 70 ಕಿಲೋ ಮನುಷ್ಯನಿಗೆ 14 ಗ್ರಾಂ ಎಂದು ಗುಣಿಸಬಹುದೇ?

ಔಷಧಚಲನ:
ಹಾಗೆ ಗುಣಿಸಬಾರದು. ಇಲಿ ಎಂದರೆ ಚಿಕ್ಕ ಮೌಸ್ ಇರಬಹುದು, ದೊಡ್ಡ ರ‍್ಯಾಟ್ ಇರಬಹುದು, ಮೊದಲು ಅದನ್ನು ನೋಡಿ. ಚಿಕ್ಕ ಪ್ರಾಣಿಯ ಚಯಾಪಚಯ ವೇಗವಾದದ್ದು, ಲೆಕ್ಕವನ್ನು ಮೈಯ ಹೊರಮೈ ವಿಸ್ತಾರದ ಮೇಲೆ ಮಾಡುತ್ತಾರೆ. ಮೌಸ್‌ಗೆ ಗುಣಕ 3, ರ‍್ಯಾಟ್‌ಗೆ 6, ವಯಸ್ಕ ಮನುಷ್ಯನಿಗೆ 37. ಆದ್ದರಿಂದ ಮೌಸ್ ಡೋಸನ್ನು 12.3ರಿಂದ, ರ‍್ಯಾಟ್ ಡೋಸನ್ನು 6.2ರಿಂದ ಭಾಗಿಸಿ. 200 ಅನ್ನು 12.3ರಿಂದ ಭಾಗಿಸಿದರೆ ಕಿಲೋಗೆ 16.3 ಮಿ.ಗ್ರಾಂ, 70 ಕಿಲೋಗೆ ಸುಮಾರು 1.1 ಗ್ರಾಂ. ಇದೂ ಅಂದಾಜು ಮಾತ್ರ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರ ಮಾರ್ಗದರ್ಶಿಯಲ್ಲಿ ಈ ವಿಧಾನವನ್ನು ಕೊಟ್ಟದ್ದು ಮೊದಲ ಸುರಕ್ಷಿತ ಡೋಸ್ ಗೊತ್ತುಮಾಡಲು, ಅದರ ಮೇಲೂ ಸಾಮಾನ್ಯವಾಗಿ ಹತ್ತರಿಂದ ಭಾಗಿಸುತ್ತಾರೆ. ಹೊಟ್ಟೆಯೊಳಕ್ಕೆ ಸೂಜಿ ಚುಚ್ಚಿ ಕೊಟ್ಟ ಡೋಸಿಗೆ ಈ ಲೆಕ್ಕ ಹಾಕಿ ಮಾತ್ರೆಗೆ ಇಳಿಸಬೇಡಿ. ಚುಚ್ಚಿದ ಮದ್ದು ಕರುಳಿನ ಗೋಡೆಯನ್ನು ದಾಟುವ ಪ್ರಮೇಯವೇ ಇರುವುದಿಲ್ಲ.

ಅಣುಶಿಲ್ಪಿ:
ಇಷ್ಟೆಲ್ಲ ಓದಿ ಗಿಡದಿಂದ ಏನೂ ಬರಲಿಲ್ಲವೇನೋ ಅನ್ನಿಸಬಾರದು. ಇಂದು ಮಧುಮೇಹಕ್ಕೆ ಬರೆಯುವ ಮುಖ್ಯ ಮಾತ್ರೆಗಳಲ್ಲಿ ಎರಡು ಬಗೆಯವು ಗಿಡದಿಂದಲೇ ಶುರುವಾದವು. ಎರಡರಲ್ಲೂ ಗಿಡದ ಅಣುವಿನ ದೋಷ ಯಾವುದು ಎಂದು ಕಂಡುಹಿಡಿದು, ಅದನ್ನು ತಿದ್ದಿದ ಮೇಲೆ ಮದ್ದಾಯಿತು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಅದೇ.

ಗಲೇಗಾ ಅಫಿಸಿನಾಲಿಸ್ ಗಿಡದಲ್ಲಿ ಗಲೇಗಿನ್ ಇದೆ, ಗ್ವಾನಿಡಿನ್ ಗುಂಪಿನ ಅಣು. ಸಕ್ಕರೆ ಇಳಿಸುತ್ತದೆ, ಆದರೆ ವಿಷ. ಮೇಯುವ ಕುರಿಗಳನ್ನೂ ಕೊಲ್ಲಬಲ್ಲದು. ಡಬ್ಲಿನ್‌ನಲ್ಲಿ ವರ್ನರ್ ಮತ್ತು ಬೆಲ್ 1922ರಲ್ಲಿ ಎರಡು ಗ್ವಾನಿಡಿನ್ ಕೂಡಿದ ರಚನೆಯ (ಬೈಗ್ವಾನೈಡ್) ಮೆಟ್‌ಫಾರ್ಮಿನ್ ತಯಾರಿಸಿದರು, ಜ್ಯಾಂ ಸ್ಟರ್ನ್ ಮನುಷ್ಯರಲ್ಲಿನ ಬಳಕೆಯನ್ನು 1957ರಲ್ಲಿ ಪ್ರಕಟಿಸಿದರು. ಬೈಗ್ವಾನೈಡ್ ರಚನೆಯಿಂದ ಸಿಕ್ಕ ಲಾಭ ದೊಡ್ಡದು: ಹೀರಿಕೆ 50–60%, ಲಿವರಿನಲ್ಲಿ ರೂಪ ಬದಲಾಗುವುದಿಲ್ಲ, ಮೂತ್ರದಲ್ಲಿ ಹಾಗೇ ಹೊರಹೋಗುತ್ತದೆ.

ಎರಡನೆಯದು ಫ್ಲೊರಿಜಿನ್. 1835ರಲ್ಲಿ ಸೇಬಿನ ಮರದ ಬೇರಿನ ತೊಗಟೆಯಿಂದ ಬೇರ್ಪಡಿಸಿದರು. 1886ರಲ್ಲಿ ಫಾನ್ ಮೆರಿಂಗ್ ಅದು ಮೂತ್ರದಲ್ಲಿ ಸಕ್ಕರೆ ಹರಿಸುತ್ತದೆ ಎಂದು ತೋರಿಸಿದರು. ಮಾತ್ರೆಯಾಗಲು ಎರಡು ಅಡ್ಡಿ. ಅದು ತಡೆಯುವುದು ಸಕ್ಕರೆಯನ್ನು ಕೋಶದೊಳಕ್ಕೆ ಸಾಗಿಸುವ ಎಸ್‌ಜಿಎಲ್‌ಟಿ ಪ್ರೋಟೀನುಗಳನ್ನು. ಕಿಡ್ನಿಯ ಎಸ್‌ಜಿಎಲ್‌ಟಿ2 ಜೊತೆಗೆ ಕರುಳಿನ ಎಸ್‌ಜಿಎಲ್‌ಟಿ1 ಅನ್ನೂ ತಡೆಯುತ್ತದೆ, ಆಗ ಭೇದಿ. ಜೊತೆಗೆ, ಸಕ್ಕರೆಯ ಭಾಗ ಆಮ್ಲಜನಕದ ಕೊಂಡಿಯಿಂದ ಅಂಟಿರುವುದರಿಂದ ಕರುಳಿನ ಕಿಣ್ವ ಅದನ್ನು ಕತ್ತರಿಸಿ ಫ್ಲೊರೆಟಿನ್ ಮಾಡುತ್ತದೆ. ಆ ಕೊಂಡಿಯ ಜಾಗದಲ್ಲಿ ನೇರ ಇಂಗಾಲದ ಕೊಂಡಿ ಇಟ್ಟಾಗ ಕಿಣ್ವಕ್ಕೆ ಕತ್ತರಿಸಲಾಗಲಿಲ್ಲ. ಕನಾಗ್ಲಿಫ್ಲೊಜಿನ್, ಡಾಪಗ್ಲಿಫ್ಲೊಜಿನ್ ಎಂಬ ಮಧುಮೇಹದ ಮಾತ್ರೆಗಳು ಹುಟ್ಟಿದ್ದು ಹಾಗೆ. 10 ಮಿ.ಗ್ರಾಂ ಡಾಪಗ್ಲಿಫ್ಲೊಜಿನ್ ಮಧುಮೇಹಿಯ ಮೂತ್ರದಲ್ಲಿ ದಿನಕ್ಕೆ ಸುಮಾರು 70 ಗ್ರಾಂ ಗ್ಲೂಕೋಸ್ ಹೊರಹಾಕುತ್ತದೆ, ಸುಮಾರು 280 ಕಿಲೋಕ್ಯಾಲರಿ. ಇಷ್ಟಾದರೂ ತೂಕ ಎರಡು ಮೂರು ಕಿಲೋ ಇಳಿದು ನಿಲ್ಲುತ್ತದೆ, ಏಕೆಂದರೆ ಹಸಿವು ಹೆಚ್ಚಿ ದೇಹ ಸರಿದೂಗಿಸಿಕೊಳ್ಳುತ್ತದೆ. ಬೊಜ್ಜಿನ ಮದ್ದು ಹುಡುಕುವವರು ಇದನ್ನು ಎರಡು ಸಲ ಓದಬೇಕು.

ಹಿಪ್ಪುನೇರಳೆಯ 1-ಡಿಆಕ್ಸಿನೊಜಿರಿಮೈಸಿನ್‌ಗೆ ಒಂದು ಹೈಡ್ರಾಕ್ಸಿಈಥೈಲ್ ಗುಂಪು ಸೇರಿಸಿದ್ದೇ ಮಿಗ್ಲಿಟಾಲ್ ಎಂಬ ಮಧುಮೇಹದ ಮಾತ್ರೆ. ಇದೂ ಅದೇ ಸಾಲಿನದು.

ಕಿಣ್ವಶಾಲೆ:
ಮಿಗ್ಲಿಟಾಲ್ ಮಾತು ಬಂದದ್ದು ಒಳ್ಳೆಯದಾಯಿತು. ಅದೂ ಅಕಾರ್ಬೋಸ್ ಎಂಬ ಇನ್ನೊಂದು ಮಧುಮೇಹದ ಮಾತ್ರೆಯೂ ತಡೆಯುವುದು ಆಲ್ಫಾ ಗ್ಲುಕೊಸಿಡೇಸನ್ನು, ಪಿಷ್ಟದ ತುಣುಕುಗಳನ್ನು ಗ್ಲೂಕೋಸಾಗಿ ಒಡೆಯುವ ಕಿಣ್ವವನ್ನು. ಆ ಕಿಣ್ವದ ಪರೀಕ್ಷೆಯಲ್ಲಿ "ಅಕಾರ್ಬೋಸ್‌ಗಿಂತ ನೂರು ಪಟ್ಟು ಪ್ರಬಲ" ಎಂಬ ಸಾರಗಳು ಲೆಕ್ಕವಿಲ್ಲದಷ್ಟು. ಬಳಸಿದ ಕಿಣ್ವ ಎಲ್ಲಿಯದು ನೋಡಿ, ಹೆಚ್ಚಿನಂಶ ಯೀಸ್ಟಿನದು. ಅಕಾರ್ಬೋಸ್ ಯೀಸ್ಟ್ ಕಿಣ್ವವನ್ನು ಸರಿಯಾಗಿ ತಡೆಯುವುದೇ ಇಲ್ಲ, ಅದು ತಡೆಯುವುದು ಸಸ್ತನಿಗಳ ಕರುಳಿನ ಕಿಣ್ವವನ್ನು. ಸೋಲುವುದು ಖಚಿತವಿರುವ ಎದುರಾಳಿಯನ್ನು ನಿಲ್ಲಿಸಿ ಗೆದ್ದಂತೆ. ರ‍್ಯಾಟ್ ಕರುಳಿನ ಅಸಿಟೋನ್ ಪುಡಿಯಿಂದ ಕಿಣ್ವ ತೆಗೆದು, ಮಾಲ್ಟೋಸ್ ಮತ್ತು ಸುಕ್ರೋಸ್ ಎರಡರ ಮೇಲೂ ಪರೀಕ್ಷಿಸಿ, ಬಿಡುಗಡೆಯಾದ ಗ್ಲೂಕೋಸನ್ನು ಅಳೆಯಬೇಕು.

ಕೊಬ್ಬು ಜೀರ್ಣಿಸುವ ಕಿಣ್ವವಾದ ಲೈಪೇಸ್ ಪರೀಕ್ಷೆಯಲ್ಲಿ ಗಿಡದ ಒಗರು ವಸ್ತು ಟ್ಯಾನಿನ್ ಕಾಟ. ಟ್ಯಾನಿನ್ ಯಾವ ಪ್ರೋಟೀನನ್ನಾದರೂ ಹಿಡಿದು ತಳಕ್ಕಿಳಿಸುತ್ತದೆ, ಕಿಣ್ವ ನಿಂತಂತೆ ಕಾಣುತ್ತದೆ. ಸಾರವನ್ನು ಟ್ಯಾನಿನ್ ಹಿಡಿದಿಡುವ ಪಿವಿಪಿಪಿ ಪುಡಿಯೊಂದಿಗೆ ಕಲಕಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಮತ್ತೆ ಪರೀಕ್ಷಿಸಿ. ಕಿಣ್ವವನ್ನು ತಡೆಯುವ ಶಕ್ತಿ ಪೂರ್ತಿ ಹೋಯಿತೆಂದರೆ ಟ್ಯಾನಿನ್ ಕೆಲಸ. ಊಟದ ಪ್ರೋಟೀನು ತುಂಬಿದ ಕರುಳಿನಲ್ಲಿ ಅಂಥ ಟ್ಯಾನಿನ್ ಲೈಪೇಸನ್ನೇ ಹುಡುಕಿ ಹಿಡಿಯುವುದಿಲ್ಲ. ಗಾಢ ಬಣ್ಣದ ಸಾರಗಳಿಗೆ, ಸಾರದ ಬಣ್ಣವನ್ನು ಲೆಕ್ಕದಿಂದ ಕಳೆಯಲು, ಕಿಣ್ವವಿಲ್ಲದ ಸಾರದ ಖಾಲಿ ಓದು 405 ನ್ಯಾನೊಮೀಟರಿನಲ್ಲಿ ಕಡ್ಡಾಯ.

ಕರುಳುವಾಸಿ:
ಔಷಧಚಲನ ಅವರ ವಾದಕ್ಕೆ ನನ್ನದೊಂದು ಆಕ್ಷೇಪ. ರಕ್ತಕ್ಕೆ ಬರಲಿಲ್ಲ ಎಂದ ಮಾತ್ರಕ್ಕೆ ಕೆಲಸವಿಲ್ಲ ಎಂದು ತೀರ್ಮಾನಿಸಬೇಡಿ. ಬೆರ್ಬೆರಿನ್ ರ‍್ಯಾಟ್‌ಗಳಲ್ಲಿ 1%ಗಿಂತ ಕಡಿಮೆ ರಕ್ತ ಸೇರುತ್ತದೆ. ಕರುಳಿನ ಕೋಶದ ಪಂಪಾದ ಪಿ-ಗ್ಲೈಕೊಪ್ರೋಟೀನ್ ಅದನ್ನು ಕರುಳಿಗೇ ಹಿಂದಕ್ಕೆ ತಳ್ಳುತ್ತದೆ. ಆದರೂ ಮನುಷ್ಯರಲ್ಲಿ ಸಕ್ಕರೆ ಇಳಿಯುತ್ತದೆ, ಎಲ್‌ಡಿಎಲ್ ಕೊಲೆಸ್ಟ್ರಾಲ್ ಇಳಿಯುತ್ತದೆ. ಅದರ ಕೆಲಸದ ಬಹುಭಾಗ ಕರುಳಿನಲ್ಲೇ: ಬ್ಯಾಕ್ಟೀರಿಯಾಗಳನ್ನು ಬದಲಿಸುತ್ತದೆ, ಪಿತ್ತಾಮ್ಲಗಳನ್ನು ಬದಲಿಸುತ್ತದೆ. ಅಲ್ಲದೆ ಕರುಳಿನ ಬ್ಯಾಕ್ಟೀರಿಯಾದ ನೈಟ್ರೊರಿಡಕ್ಟೇಸ್ ಅದನ್ನು ಡೈಹೈಡ್ರೊಬೆರ್ಬೆರಿನ್ ಮಾಡುತ್ತದೆ. ಆ ರೂಪ ಹೆಚ್ಚು ಹೀರಿಕೆಯಾಗಿ ಒಳಗೆ ಹೋದ ಮೇಲೆ ಮತ್ತೆ ಬೆರ್ಬೆರಿನ್ ಆಗುತ್ತದೆ.

ಔಷಧಚಲನ:
ಒಪ್ಪುತ್ತೇನೆ, ಕರುಳೇ ಗುರಿಯಾಗಿದ್ದರೆ ರಕ್ತದ ಮಟ್ಟ ಕೇಳುವುದು ಸರಿಯಲ್ಲ. ಆಗ ಕರುಳಿನೊಳಗಿನ ಸಾಂದ್ರತೆ ಕೇಳಬೇಕು. 500 ಮಿ.ಗ್ರಾಂ ಕಾಲು ಲೀಟರ್ ನೀರಿನಲ್ಲಿ ಕರಗಿತೆಂದರೆ ಮಿಲಿಮೋಲಾರ್‌ಗಳ ಲೆಕ್ಕ ಬರುತ್ತದೆ, ಅದು ಸಾಕಷ್ಟು. ನನ್ನ ತಕರಾರು ಬೇರೆ: ಕೆಲಸ ಕರುಳಿನಲ್ಲಿ ಎನ್ನುವವರು ಪುರಾವೆಯನ್ನು ಮಾತ್ರ ಕೊಬ್ಬಿನ ಕೋಶದ ತಟ್ಟೆಯಿಂದ ತರುತ್ತಾರೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಪರಿಣಾಮದ ಗಾತ್ರವನ್ನೂ ಹೇಳಿ. 2020ರಲ್ಲಿ ಪ್ರಕಟವಾದ ಬೆರ್ಬೆರಿನ್ ಪ್ರಯೋಗದಲ್ಲಿ ಹೊಸದಾಗಿ ಮಧುಮೇಹ ಪತ್ತೆಯಾದ 409 ಜನರಿದ್ದರು, ಡೋಸ್ 0.6 ಗ್ರಾಂ ದಿನಕ್ಕೆರಡು ಸಲ, 12 ವಾರ. ಬೆರ್ಬೆರಿನ್ ಗುಂಪಿನಲ್ಲಿ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಸೂಚಕ) 0.99 ಶೇಕಡಾಂಶ ಇಳಿಯಿತು, ಹುಸಿಮಾತ್ರೆ ಗುಂಪಿನಲ್ಲೂ 0.59 ಇಳಿಯಿತು. ಅಣುವಿನ ಪಾಲು ಆ ಎರಡರ ನಡುವಿನ 0.4 ಮಾತ್ರ. ತೂಕದಲ್ಲಂತೂ ಕಾಣುವುದು ಒಂದೆರಡು ಕಿಲೋ. ಇದನ್ನು ತೂಕ ಇಳಿಸುವ ಚುಚ್ಚುಮದ್ದು ಸೆಮಗ್ಲುಟೈಡ್‌ಗೆ ಹೋಲಿಸಿ ಪ್ರಚಾರ ಮಾಡುವುದು ಜನರಿಗೆ ಮಾಡುವ ಅನ್ಯಾಯ. ವಾರಕ್ಕೆ 2.4 ಮಿ.ಗ್ರಾಂ ಸೆಮಗ್ಲುಟೈಡ್ 68 ವಾರಗಳಲ್ಲಿ 14.9% ತೂಕ ಇಳಿಸಿತು, ಅಲ್ಲಿ ಹುಸಿಮದ್ದಿನ ಗುಂಪಿನದು 2.4%.

ಲಿವರ್‌ವಾರ್ಡ್:
ಸುರಕ್ಷತೆಯ ಮಾತನ್ನು ಯಾರೂ ಎತ್ತಲಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹಸಿರು ಚಹಾ ಕುಡಿಯುವುದು ಬೇರೆ, ಅದರ ಸಾರದ ಮಾತ್ರೆ ಬೇರೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿದ್ದು: ಪೂರಕ ಮಾತ್ರೆಗಳಿಂದ ದಿನಕ್ಕೆ 800 ಮಿ.ಗ್ರಾಂ ಅಥವಾ ಹೆಚ್ಚು ಇಜಿಸಿಜಿ ಹೋದರೆ ಲಿವರ್ ಕಿಣ್ವಗಳು ಏರುತ್ತವೆ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ರಕ್ತದ ಮಟ್ಟ ಹಲವು ಪಟ್ಟು ಏರುತ್ತದೆ, ಅಪಾಯವೂ ಅದರ ಜೊತೆಗೇ. "ಬೇಗ ತೂಕ ಇಳಿಯಲಿ" ಎಂದು ಉಪವಾಸದ ಜೊತೆ ತೆಗೆದುಕೊಳ್ಳುವವರೇ ಹೆಚ್ಚು ಅಪಾಯದಲ್ಲಿರುವವರು. ಎಚ್‌ಎಲ್‌ಎ-ಬಿ*35:01 ಎಂಬ ವಂಶವಾಹಿ ರೂಪ ಇರುವವರಲ್ಲಿ ಈ ಹಾನಿ ಹೆಚ್ಚು ಕಂಡಿದೆ, ಉಪ್ಪಾಗೆ ಸಾರದ ಲಿವರ್ ಹಾನಿಯಲ್ಲೂ ಅದೇ ರೂಪ ಕಾಣಿಸಿಕೊಂಡಿದೆ. ಇಷ್ಟಕ್ಕೆ ಪ್ರತಿಯಾಗಿ ಸಿಗುವ ಲಾಭ? ಹಸಿರು ಚಹಾದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2012ರ ಕಾಕ್ರೇನ್ ಪರಿಶೀಲನೆಯಲ್ಲಿ ಜಪಾನ್ ಹೊರಗಿನ ಅಧ್ಯಯನಗಳಲ್ಲಿ ತೂಕದ ಸರಾಸರಿ ವ್ಯತ್ಯಾಸ 0.04 ಕಿಲೋ. ಉಪ್ಪಾಗೆಯ ಆಮ್ಲ ದಿನಕ್ಕೆ 1500 ಮಿ.ಗ್ರಾಂ, 12 ವಾರ, 135 ಜನರಿಗೆ ಕೊಟ್ಟ 1998ರ ಪ್ರಯೋಗದಲ್ಲಿ ಹುಸಿಮಾತ್ರೆಗಿಂತ ಹೆಚ್ಚೇನೂ ಆಗಲಿಲ್ಲ.

ಬೆರ್ಬೆರಿನ್ 300 ಮಿ.ಗ್ರಾಂ ದಿನಕ್ಕೆ ಮೂರು ಸಲ, ಎರಡು ವಾರ ತೆಗೆದುಕೊಂಡರೆ ಔಷಧಿಗಳನ್ನು ಒಡೆಯುವ ಸಿವೈಪಿ2ಡಿ6, 2ಸಿ9, 3ಎ4 ಕಿಣ್ವಗಳ ಕೆಲಸ ತಗ್ಗುತ್ತದೆ. ಕಸಿಯನ್ನು ದೇಹ ತಿರಸ್ಕರಿಸದಂತೆ ಸೈಕ್ಲೊಸ್ಪೋರಿನ್ ತೆಗೆದುಕೊಳ್ಳುವ ಕಿಡ್ನಿ ಕಸಿಯಾದವರಲ್ಲಿ ಆ ಔಷಧಿಯ ಮಟ್ಟ ಏರುತ್ತದೆ. ಬೆರ್ಬೆರಿನ್ ಕಾಮಾಲೆಯ ಹಳದಿ ವಸ್ತುವಾದ ಬಿಲಿರುಬಿನ್ನನ್ನು ರಕ್ತದ ಪ್ರೋಟೀನಾದ ಆಲ್ಬುಮಿನ್‌ನಿಂದ ಬಿಡಿಸುವುದರಿಂದ ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ, ಎಳೆಗೂಸಿಗೆ ಕೊಡಲೇಬಾರದು.

ಎಲ್ಲಕ್ಕಿಂತ ನೋವಿನದು ಬೆಲ್ಜಿಯಂನ ಪ್ರಕರಣ. 1990ರ ದಶಕದ ಆರಂಭದಲ್ಲಿ ತೂಕ ಇಳಿಸುವ ಮಿಶ್ರಣದಲ್ಲಿ ಸ್ಟೆಫಾನಿಯಾ ಟೆಟ್ರಾಂಡ್ರಾ ಗಿಡದ ಬದಲಿಗೆ ಅರಿಸ್ಟೊಲೊಕಿಯಾ ಫಾಂಗ್‌ಚಿ ಬಂದುಬಿಟ್ಟಿತು. ಎರಡರ ಚೀನೀ ವ್ಯಾಪಾರಿ ಹೆಸರುಗಳೂ ಹತ್ತಿರ ಹತ್ತಿರ. ಬದಲಿಗೆ ಬಂದ ಗಿಡದಲ್ಲಿದ್ದ ಅರಿಸ್ಟೊಲೊಕಿಕ್ ಆಮ್ಲದಿಂದ ನೂರಕ್ಕೂ ಹೆಚ್ಚು ಜನರ ಕಿಡ್ನಿ ಹಾಳಾಯಿತು. ಮುಂಜಾಗ್ರತೆಗಾಗಿ ಕಿಡ್ನಿ, ಮೂತ್ರನಾಳ ತೆಗೆಸಿಕೊಂಡ 39 ಜನರಲ್ಲಿ 18 ಮಂದಿಗೆ ಮೂತ್ರಮಾರ್ಗದ ಕ್ಯಾನ್ಸರ್ ಇತ್ತು. ತೂಕ ಇಳಿಸಿಕೊಳ್ಳಲು ಬಂದವರು ಅವರು.

ಬೇರುತೊಗಟೆ:
ಹಾಗಿದ್ದರೆ ಸಾರವನ್ನು ಪ್ರಯೋಗಕ್ಕೆ ಇಳಿಸುವ ಮುಂಚೆ ಏನೇನು ಪರೀಕ್ಷಿಸಿರಬೇಕು?

ಅಣುಶಿಲ್ಪಿ:
ಗಿಡದ ಗುರುತು ಮೊದಲು: ಒಣಗಿಸಿದ ಮಾದರಿ ಸಸ್ಯಸಂಗ್ರಹದಲ್ಲಿ ಸಂಖ್ಯೆ ಸಹಿತ ಇರಬೇಕು, ಪುಡಿಗೆ ಡಿಎನ್‌ಎ ಬಾರ್‌ಕೋಡ್ (ಜಾತಿ ಗುರುತಿಸುವ ಡಿಎನ್‌ಎ ತುಣುಕು) ಮತ್ತು ಟಿಎಲ್‌ಸಿ (ತೆಳುಪದರದ ಮೇಲೆ ಅಣುಗಳನ್ನು ಬೇರ್ಪಡಿಸುವ ಪರೀಕ್ಷೆ). ಬಿಸಿ ದ್ರಾವಕದಲ್ಲಿ ತೆಗೆದ ಸಾರದಲ್ಲಿ ಡಿಎನ್‌ಎ ಮುರಿದುಹೋಗಿರುತ್ತದೆ, ಅಲ್ಲಿ ಬಾರ್‌ಕೋಡ್ ನೆಚ್ಚಿಕೊಳ್ಳಬೇಡಿ, ರಾಸಾಯನಿಕ ಗುರುತೇ ಗತಿ. ಆಮೇಲೆ ಎಚ್‌ಪಿಎಲ್‌ಸಿಯಲ್ಲಿ (ಅಣುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಸೂಚಕ ಅಣುವಿನ ಪ್ರಮಾಣ. ಬೆರ್ಬೆರಿನ್‌ಗೆ ಸಿ18 ಕಾಲಂ, ಆಮ್ಲೀಯ ನೀರು ಮತ್ತು ಅಸಿಟೋನೈಟ್ರೈಲ್, 345 ನ್ಯಾನೊಮೀಟರ್ ಸಾಕು. ಲವಣದ ಲೆಕ್ಕ ಮರೆಯಬೇಡಿ: ಬೆರ್ಬೆರಿನ್ ಕ್ಲೋರೈಡ್ 500 ಮಿ.ಗ್ರಾಂನಲ್ಲಿ ಬೆರ್ಬೆರಿನ್ 452 ಮಿ.ಗ್ರಾಂ, ಹರಳಿನಲ್ಲಿ ನೀರಿದ್ದರೆ ಇನ್ನೂ ಕಡಿಮೆ. "10:1 ಸಾರ" ಎಂಬುದು ಹತ್ತು ಕಿಲೋ ಗಿಡದಿಂದ ಒಂದು ಕಿಲೋ ಬಂತು ಎಂದಷ್ಟೇ ಹೇಳುತ್ತದೆ. ದ್ರಾವಕ ನೀರೋ ಎಥನಾಲೋ ತಿಳಿಯದೆ ಆ ಅಂಕಿಗೆ ಅರ್ಥವಿಲ್ಲ.

ಉಪ್ಪಾಗೆಯಲ್ಲಿ ಇನ್ನೊಂದು ತೊಡಕಿದೆ. ಒಣಗಿಸುವ ಬಿಸಿಗೆ ಆಮ್ಲ ಲ್ಯಾಕ್ಟೋನ್ ಆಗಿ ಮುಚ್ಚಿಕೊಳ್ಳುತ್ತದೆ, ಕೊಬ್ಬು ತಯಾರಿಕೆಗೆ ಬೇಕಾದ ಎಟಿಪಿ ಸಿಟ್ರೇಟ್ ಲಯೇಸ್ ಕಿಣ್ವವನ್ನು ತಡೆಯುವ ಶಕ್ತಿ ಕುಗ್ಗುತ್ತದೆ. ಅದಕ್ಕೇ ಕ್ಯಾಲ್ಸಿಯಂ, ಪೊಟ್ಯಾಸಿಯಂ ಲವಣ ಮಾಡುತ್ತಾರೆ.

ಮಾರುಕಟ್ಟೆಯ ತೂಕ ಇಳಿಸುವ ಗಿಡಮೂಲಿಕೆ ಮಾತ್ರೆಯನ್ನು ಪರೀಕ್ಷಿಸುವುದಾದರೆ ಎಲ್‌ಸಿ-ಎಂಎಸ್‌ನಲ್ಲಿ (ಅಣುಗಳನ್ನು ತೂಕದಿಂದ ಗುರುತಿಸುವ ಯಂತ್ರ) ಸಿಬುಟ್ರಮಿನ್ ಮತ್ತು ಅದರ ಡೆಸ್‌ಮೀಥೈಲ್ ರೂಪಗಳನ್ನು ಹುಡುಕಿ. ಹೃದಯಕ್ಕೆ ಅಪಾಯವೆಂದು 2010ರಲ್ಲಿ ಅಮೆರಿಕ, ಯುರೋಪುಗಳಲ್ಲಿ ಹಿಂತೆಗೆದುಕೊಂಡ, ಹಸಿವು ತಗ್ಗಿಸುವ ಔಷಧಿ ಅದು. ಬೆರಕೆಯಾಗಿ ಇಂದಿಗೂ ಸಿಗುತ್ತಿದೆ. ಗಿಡದ ಪುಡಿ ಎರಡೇ ವಾರದಲ್ಲಿ ಕಣ್ಣಿಗೆ ಕಾಣುವಂತೆ ತೂಕ ಇಳಿಸಿತೆಂದರೆ ಮೊದಲ ಅನುಮಾನ ಅಲ್ಲೇ ಹೋಗಬೇಕು.

ಇಲಿಮನೆ:
ಇಲಿ ಪ್ರಯೋಗದ ಬಗ್ಗೆ. ಸಿ57ಬಿಎಲ್/6ಜೆ ತಳಿಯ ಗಂಡು ಇಲಿಗಳಿಗೆ (ಮೌಸ್) 60% ಕ್ಯಾಲರಿ ಕೊಬ್ಬಿನಿಂದ ಬರುವ ಆಹಾರವನ್ನು 10–12 ವಾರ ಕೊಟ್ಟು, ಬೊಜ್ಜು ಬಂದ ಮೇಲೆ ಸಾರ ಶುರುಮಾಡಬೇಕು. ಮೊದಲ ದಿನದಿಂದಲೇ ಸಾರ ಕೊಟ್ಟರೆ ಬೊಜ್ಜು ಬಾರದಂತೆ ತಡೆದದ್ದಾಯಿತು, ಚಿಕಿತ್ಸೆಯಲ್ಲ. ಹೋಲಿಕೆಯ ಆಹಾರದಲ್ಲೂ ಅದೇ ಮೂಲ ಪದಾರ್ಥಗಳಿರಬೇಕು. ಮಾಮೂಲು ಧಾನ್ಯದ ಉಂಡೆ ಕೊಟ್ಟರೆ ನಾರು, ಸೋಯಾ ಎಲ್ಲ ಬೇರೆಯಾಗಿ ಹೋಲಿಕೆ ಕೆಡುತ್ತದೆ.

ದೊಡ್ಡ ಮೋಸ ಕಹಿಯದು. ಆಹಾರಕ್ಕೆ ಕಹಿ ಸಾರ ಬೆರೆಸಿದರೆ ಇಲಿ ಕಡಿಮೆ ತಿನ್ನುತ್ತದೆ, ತೂಕ ಇಳಿಯುತ್ತದೆ. ಹೊಟ್ಟೆ ಕೆಟ್ಟರೂ ಹಾಗೆಯೇ. ಸಾರದ ಗುಂಪು ತಿಂದಷ್ಟೇ ಆಹಾರವನ್ನು ದಿನವೂ ತೂಗಿ ಇನ್ನೊಂದು ಗುಂಪಿಗೆ ಕೊಡುವ ಜೋಡಿ ಗುಂಪು ಬೇಕೇ ಬೇಕು. ಚೆಲ್ಲಿದ ಚೂರುಗಳನ್ನೂ ತೂಗಬೇಕು. ಹಸಿವು ತಗ್ಗಿದ್ದೋ ವಾಕರಿಕೆಯೋ ತಿಳಿಯಲು ಸ್ಯಾಕರಿನ್ ನೀರಿನ ಪರೀಕ್ಷೆ: ಸಾರ ಕೊಟ್ಟ ಹೊತ್ತಿನಲ್ಲಿ ಕುಡಿಸಿದ ಸಿಹಿ ನೀರನ್ನು ಮುಂದೆ ಇಲಿ ದೂರವಿಟ್ಟರೆ ಅದು ವಾಕರಿಕೆ. ಕೋಣೆ 22 ಡಿಗ್ರಿ ಇದ್ದರೆ ಇಲಿಗೆ ಚಳಿ, ಮೈಗೆ ಶಾಖ ಕೊಡುವ ಕಂದು ಕೊಬ್ಬು ಸದಾ ಉರಿಯುತ್ತಲೇ ಇರುತ್ತದೆ. ಕಂದು ಕೊಬ್ಬಿನ ಮೇಲೆ ಕೆಲಸ ಎನ್ನುವ ಅಣುವನ್ನು 30 ಡಿಗ್ರಿಯಲ್ಲೂ ತೋರಿಸಬೇಕು.

ಸೆಲಾಸ್ಟ್ರಾಲ್ ಒಳ್ಳೆಯ ಉದಾಹರಣೆ. ಟ್ರಿಪ್ಟೆರಿಜಿಯಂ ವಿಲ್ಫೋರ್ಡಿ ಬೇರಿನ ಈ ಅಣು 2015ರಲ್ಲಿ ಬೊಜ್ಜಿನ ಇಲಿಗಳ ತೂಕವನ್ನು 45%ವರೆಗೆ ಇಳಿಸಿತು. ಹಸಿವು ತಗ್ಗಿಸುವ ಹಾರ್ಮೋನಾದ ಲೆಪ್ಟಿನ್ ಇಲ್ಲದ ಇಲಿಯಲ್ಲೂ, ಲೆಪ್ಟಿನ್ ಗ್ರಾಹಕವಿಲ್ಲದ ಇಲಿಯಲ್ಲೂ ಆ ಪರಿಣಾಮ ಕಾಣಲಿಲ್ಲ, ಆದ್ದರಿಂದ ದಾರಿ ಲೆಪ್ಟಿನ್‌ನದ್ದೆಂದು ಗೊತ್ತಾಯಿತು. 2019ರಲ್ಲಿ ಉರಿಯೂತದ ಸಂಕೇತ ಹಿಡಿಯುವ ಐಎಲ್1ಆರ್1 ಗ್ರಾಹಕವೂ ಬೇಕೆಂದು ತೋರಿಸಿದರು. ಪ್ರಯೋಗ ಹೀಗೆ ಕಟ್ಟಬೇಕು. ಆದರೆ ಮದ್ದಾಗುವ ದಾರಿಯಲ್ಲಿ ಆ ಗಿಡದ ವಿಷತ್ವ ದೊಡ್ಡ ತಡೆ, ಉಪಯೋಗದ ಡೋಸಿಗೂ ಹಾನಿಯ ಡೋಸಿಗೂ ಅಂತರ ತೀರ ಕಿರಿದು.

ಮಧುನಾಶಿನಿ22:
ಹಾಗಾದರೆ ಸದ್ಯಕ್ಕೆ ಮನುಷ್ಯರಲ್ಲಿ ನಿಂತ ಗಿಡಮೂಲ ವಸ್ತು ಯಾವುದೂ ಇಲ್ಲವೇ?

ಕರುಳುವಾಸಿ:
ಇದೆ, ನಾರು. ಅದು ರಕ್ತಕ್ಕೆ ಹೋಗಬೇಕಾಗಿಯೇ ಇಲ್ಲ. ಓಟ್ಸ್ ಅಥವಾ ಬಾರ್ಲಿಯ ಬೀಟಾ ಗ್ಲುಕಾನ್ ದಿನಕ್ಕೆ 3 ಗ್ರಾಂ, ಇಲ್ಲವೇ ಇಸಬ್ಗೋಲಿನ ಕರಗುವ ನಾರು ದಿನಕ್ಕೆ 7 ಗ್ರಾಂ ಕೊಲೆಸ್ಟ್ರಾಲ್ ಇಳಿಸುತ್ತವೆ. ಗ್ಲುಕೊಮನ್ನನ್‌ಗೆ (ಕೊನ್ಯಾಕ್ ಗೆಡ್ಡೆಯ ನಾರು) ತೂಕ ಇಳಿಕೆಯ ವಿಷಯದಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕ ಮಾತು ಹೀಗಿದೆ: ಕ್ಯಾಲರಿ ಕಡಿಮೆ ಮಾಡಿದ ಆಹಾರಕ್ರಮದ ಜೊತೆ, 1 ಗ್ರಾಂನಂತೆ ದಿನಕ್ಕೆ ಮೂರು ಸಲ, ಊಟಕ್ಕೆ ಮುಂಚೆ, ಒಂದೆರಡು ಲೋಟ ನೀರಿನೊಂದಿಗೆ. ನೀರು ಕಡಿಮೆಯಾದರೆ ಗಂಟಲಲ್ಲೇ ಉಬ್ಬಿ ಉಸಿರು ಕಟ್ಟುವ ಅಪಾಯ ನಿಜ, ನುಂಗಲು ತೊಂದರೆ ಇರುವವರಿಗೆ ಬೇಡ. ಮಲಗುವ ಮುಂಚೆಯೂ ಬೇಡ. ಬೇರೆ ಮಾತ್ರೆಗಳಿಗೂ ಇದಕ್ಕೂ ನಡುವೆ ಎರಡು ಗಂಟೆ ಬಿಡಬೇಕು, ಇಲ್ಲದಿದ್ದರೆ ನಾರಿನ ಲೋಳೆ ಆ ಮಾತ್ರೆಯ ಹೀರಿಕೆಯನ್ನು ಕಡಿಮೆ ಮಾಡಬಹುದು.

ಲಿವರ್‌ವಾರ್ಡ್:
ಯಾರಾದರೂ ಈ ಸಾರಗಳನ್ನು ಮನುಷ್ಯರ ಪ್ರಯೋಗಕ್ಕೆ ತರುವುದಾದರೆ ಎರಡು ಕೋರಿಕೆ. ಬೆರ್ಬೆರಿನ್ ಹಳದಿ ಮತ್ತು ಕಹಿ, ಹುಸಿಮಾತ್ರೆಯನ್ನೂ ಒಳಗಿನದು ಕಾಣದ ಕ್ಯಾಪ್ಸೂಲಿನಲ್ಲೇ ಇಟ್ಟು, ಕೊನೆಗೆ ಭಾಗವಹಿಸಿದವರನ್ನು "ನಿಮಗೆ ಸಿಕ್ಕದ್ದು ಯಾವುದು ಅನ್ನಿಸುತ್ತದೆ?" ಎಂದು ಕೇಳಿ ದಾಖಲಿಸಿ. ಮತ್ತೆ, ಲಿವರ್ ಹಾನಿ ತೋರಿಸುವ ಕಿಣ್ವ ಎಎಲ್‌ಟಿ, ಬಿಲಿರುಬಿನ್‌ಗಳನ್ನು ಶುರುವಿನಲ್ಲಿ, ನಂತರ ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆಯಾದರೂ ನೋಡಿ. ಎಎಲ್‌ಟಿ ಸಾಮಾನ್ಯ ಮಿತಿಯ ಮೂರು ಪಟ್ಟು ದಾಟಿ ಬಿಲಿರುಬಿನ್ ಎರಡು ಪಟ್ಟು ದಾಟಿತೆಂದರೆ ಅಂದೇ ಸಾರ ನಿಲ್ಲಿಸಿ, ಹೆಪಟೈಟಿಸ್ ಎ, ಬಿ, ಸಿ, ಇ ಪರೀಕ್ಷೆಗೆ ಕಳಿಸಿ, ಆ ಬ್ಯಾಚಿನ ಕ್ಯಾಪ್ಸೂಲುಗಳನ್ನು ಎಸೆಯದೆ ಮುಚ್ಚಿ ತೆಗೆದಿಡಿ. ಹಾನಿ ಮಾಡಿದ್ದು ಗಿಡವೋ ಬೆರಕೆಯೋ ಎಂದು ಆಮೇಲೆ ಪತ್ತೆಹಚ್ಚಲು ಅದೇ ಬೇಕಾಗುತ್ತದೆ.